ಸಿಕಲ್ ಸೆಲ್ ಇರುವವರ ಕಣ್ಣಿಗೆ ಆಪ್ಟೋಸ್ ಕ್ಯಾಮೆರಾ: ಅಂಚು ಕಾಣುತ್ತದೆ, ರೆಪ್ಪೆಗೂದಲೂ ಕಾಣುತ್ತದೆ

ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರ ಕಣ್ಣನ್ನು, ಕಣ್ಣಿನ ಹಿಂಭಾಗದ ಫೋಟೊ ತೆಗೆಯುವ ಮಾಮೂಲಿ ಫಂಡಸ್ ಕ್ಯಾಮೆರಾದಲ್ಲಿ ಒಂದು ಫೋಟೊ ಹಿಡಿದು ‘ನಾರ್ಮಲ್’ ಅಂತ ಬರೆದುಕೊಟ್ಟರೆ ನಂಬಬೇಡಿ. ಅದು ಹಿಡಿಯುವುದು ನಡುವಿನ ಸುಮಾರು 45 ಡಿಗ್ರಿಯನ್ನು. ಕುಡಗೋಲಿನಂತೆ ಬಾಗಿ ಗಡುಸಾದ ರಕ್ತಕಣಗಳು ಸಿಕ್ಕಿಕೊಳ್ಳುವುದು ರೆಟಿನಾದ (ಕಣ್ಣಿನ ಒಳಪರದೆಯ) ಅಂಚಿನ ಸಣ್ಣ ನಾಳಗಳಲ್ಲಿ, ಹೆಚ್ಚಾಗಿ ಕಿವಿಯ ಕಡೆಯ ಅಂಚಿನಲ್ಲಿ. ರಕ್ತ ಸಿಗದ ಜಾಗದ ಗಡಿಯಲ್ಲಿ ಹೊಸ ನಾಳಗಳು ಬೀಸಣಿಗೆಯಂತೆ ಹರಡುತ್ತವೆ. ವೈದ್ಯರು ಅದನ್ನು ‘ಸೀ ಫ್ಯಾನ್’ ಅನ್ನುತ್ತಾರೆ. ಅದು ಒಡೆದು ರಕ್ತ ಸುರಿಯುವ ತನಕ ರೋಗಿ ಬೋರ್ಡಿನ ಕೊನೇ ಸಾಲನ್ನೂ ಸಲೀಸಾಗಿ ಓದಿಬಿಡಬಹುದು.

ಸ್ಕಾಟ್ಲೆಂಡ್ ಮೂಲದ ಆಪ್ಟೋಸ್ ಯಂತ್ರ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕೆಂಪು, ಹಸಿರು ಲೇಸರ್ ಬೆಳಕನ್ನು ಬಾಗಿದ ಕನ್ನಡಿಯಿಂದ ಒಳಗೆ ಹಾಯಿಸಿ, ಅರೆ ಸೆಕೆಂಡಿನೊಳಗೆ 200 ಡಿಗ್ರಿ ತೆಗೆಯುತ್ತದೆ. ಹತ್ತು ನಿಮಿಷ ಕೂರಲಾರದ ಮಕ್ಕಳಿಗೆ ಇದು ವರ.

ತೊಂದರೆ ಇರುವುದು ಚಿತ್ರದ ಮೇಲೆ-ಕೆಳಗೆ. ಕೆಳಭಾಗದಲ್ಲಿ ರೆಪ್ಪೆಗೂದಲು ಕರಿ ಗೀರುಗಳಾಗಿ ಬಂದು ರೆಟಿನಾವನ್ನೇ ಮುಚ್ಚುತ್ತದೆ. ಇಯರ್‌ಬಡ್‌ನಿಂದ ರೆಪ್ಪೆ ಎತ್ತಿ ಹಿಡಿದು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡಿಸಿ ಇನ್ನೂ ನಾಲ್ಕು ಚಿತ್ರ ತೆಗೆಯಬೇಕು. ಒಂದೇ ಕ್ಲಿಕ್ಕಿಗೆ ಮುಗಿಸುವ ಟೆಕ್ನಿಷಿಯನ್ ಅರ್ಧ ಕೆಲಸ ಮಾಡಿದ ಹಾಗೆ. ಬಣ್ಣವೂ ಅಸಲಿಯಲ್ಲ, ಹೆಚ್ಚಿನ ಮಾದರಿಗಳಲ್ಲಿ ಎರಡು ಲೇಸರ್ ಬೆರೆಸಿ ಮಾಡಿದ್ದು. ಅಂಚಿನ ಆಕಾರ ಎಳೆದಂತೆ ಕಾಣುತ್ತದೆ, ಅಳತೆಗೆ ನೆಚ್ಚಬೇಡಿ.

‘ಡ್ರಾಪ್ಸ್ ಬೇಡ’ ಅನ್ನುವುದು ಇದರ ದೊಡ್ಡ ಜಾಹೀರಾತು. ಸಿಕಲ್ ಸೆಲ್‌ಗೆ ಆ ಮಾತು ಸಲ್ಲ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿಸಿ, 20-30 ನಿಮಿಷ ಕಾದು, 20 ಡಯಾಪ್ಟರ್ ಲೆನ್ಸ್ ಹಿಡಿದ ರೆಟಿನಾ ವೈದ್ಯರಿಂದ ಅಂಚನ್ನೂ ನೋಡಿಸಿ. ನಾಲ್ಕಾರು ಗಂಟೆ ಹತ್ತಿರದ್ದು ಮಸುಕಾಗುತ್ತದೆ, ಅಷ್ಟೇ. ಚಾಮರಾಜನಗರ ಕಡೆಯ ಸೋಲಿಗರಲ್ಲಿ ಈ ಕಾಯಿಲೆ ಇದೆ. ಕಾಡಂಚಿನ ಊರಿನವರು ಕ್ಯಾಮೆರಾ ಸಿಗಲಿ ಎಂದು ವರ್ಷ ಕಾಯುವುದಕ್ಕಿಂತ ಈ ಪರೀಕ್ಷೆಯೊಂದೇ ಸಾಕು. 10ನೇ ವಯಸ್ಸಿಗೆ ಶುರುಮಾಡಿ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಎಸ್‌ಸಿ ಬಗೆಯವರಿಗೆ (ಒಬ್ಬ ಪೋಷಕರಿಂದ ಸಿಕಲ್ ಜೀನ್, ಇನ್ನೊಬ್ಬರಿಂದ ಹಿಮೋಗ್ಲೋಬಿನ್ ಸಿ ಜೀನ್ ಬಂದವರು) ಮೈಕೈ ನೋವು ಕಡಿಮೆ ಇರಬಹುದು, ಕಣ್ಣಿನ ಕಾಟ ಮಾತ್ರ ಇಬ್ಬರಿಂದಲೂ ಸಿಕಲ್ ಜೀನ್ ಬಂದ ಎಸ್‌ಎಸ್‌ಗಿಂತ ಹೆಚ್ಚು.

ಅನುಮಾನ ಬಂದಾಗ, ಆ ಸೌಕರ್ಯ ಇರುವ ಆಪ್ಟೋಸ್ ಯಂತ್ರದಲ್ಲೇ ಫ್ಲೋರೆಸಿನ್ ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವ ಆಂಜಿಯೋಗ್ರಾಂ ಮಾಡಿಸಿ. ಯಂತ್ರಕ್ಕೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲೇ. ರಕ್ತ ಸಿಗದ ಜಾಗ ಕಪ್ಪಗೇ ಉಳಿಯುತ್ತದೆ, ಸೋರುವ ಸೀ ಫ್ಯಾನ್ ಬೆಳ್ಳಗೆ ಹೊಳೆದು ನಿಮಿಷ ಕಳೆದಂತೆ ಹರಡುತ್ತದೆ. ಹೊಟ್ಟೆ ತೊಳಸಬಹುದು, ಒಂದು ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಲರ್ಜಿ ಇದ್ದರೆ ಮೊದಲೇ ಹೇಳಿ.

ಚಿತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಎಷ್ಟೋ ಸೀ ಫ್ಯಾನ್ ತಾನೇ ಬತ್ತಿ ಬೆಳ್ಳಗಾಗುತ್ತದೆ, ಅದಕ್ಕೆ ಲೇಸರ್ ಚಿಕಿತ್ಸೆ ಬೇಕಿಲ್ಲ. ಬತ್ತುತ್ತಿದೆಯೋ ಬೆಳೆಯುತ್ತಿದೆಯೋ ಎಂದು ಹೇಳಲು ಕಳೆದ ಸಲದ ಚಿತ್ರ ಪಕ್ಕದಲ್ಲಿರಬೇಕು.