ಅಡಿಕೆ ತೋಟದ ಪಿವಿಸಿ ಗಂಬೂಟು: ಹೊರಗೆ ಭದ್ರ, ಒಳಗೆ ಬ್ಯಾಕ್ಟೀರಿಯಾದ ಬೀಡು

ಮಿರ್ಗ ಮಳೆ ಹಿಡಿಯುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಡಿಗಳ ಮುಂದೆ ಸಾಲಾಗಿ ಜೋತುಬೀಳುವ ಮೊಣಕಾಲುದ್ದದ ಗಂಬೂಟಿನ ವಿಮರ್ಶೆ ಇದು. ಅಟ್ಟೆ ಜಾರುತ್ತದೆಯೇ, ಬೇಗ ಸೀಳುತ್ತದೆಯೇ ಎಂದು ಕೊಳ್ಳುವವರು ಹೇಗೂ ನೋಡುತ್ತಾರೆ. ಇಲ್ಲಿ ನೋಡಿರುವುದು ಅದರ ಒಳಭಾಗವನ್ನು: ದಿನವಿಡೀ ಮುಚ್ಚಿಟ್ಟ ಪಾದದ ಚರ್ಮಕ್ಕೂ ಅದರ ಮೇಲೆ ಬದುಕುವ ಬ್ಯಾಕ್ಟೀರಿಯಾಕ್ಕೂ ಅಲ್ಲಿ ಏನಾಗುತ್ತದೆ ಎಂಬುದನ್ನು. ಕೊಳ್ಳಬೇಕೇ ಎಂದರೆ, ಕೊಳ್ಳಲೇಬೇಕು. ಆದರೆ ಬಟ್ಟೆಯ ಲೈನಿಂಗ್ ಇಲ್ಲದ್ದನ್ನು ಆರಿಸಿ, ಕೈಲಾದರೆ ಎರಡು ಜೊತೆ ಇಟ್ಟುಕೊಳ್ಳಿ.

ಹೊರಗಿನ ಕೆಲಸದಲ್ಲಿ ಬೂಟಿಗೆ ಪೂರ್ತಿ ಅಂಕ. ಉಂಬಳ ಚರ್ಮ ಮುಟ್ಟುವ ಮೊದಲೇ ಕಣ್ಣಿಗೆ ಬೀಳುತ್ತದೆ, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಕಾಲಿಗೆ ಸೋಕುವುದಿಲ್ಲ. ಇಲಿ ಜ್ವರದ ಮಟ್ಟಿಗಂತೂ ಇದು ಬೇಕೇ ಬೇಕು. ಆ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇಲಿಯ ಮೂತ್ರದಿಂದ ಗದ್ದೆಯ, ಬಸಿಗಾಲುವೆಯ ನೀರಿಗೆ ಸೇರಿ, ಗಾಯದ ಮೂಲಕವೋ ನೆನೆದು ಮೆತ್ತಗಾದ ಚರ್ಮದ ಮೂಲಕವೋ ಮೈಯೊಳಗೆ ಹೋಗುತ್ತದೆ. ಹಾಗಾಗಿ ಕಾಲು ನಾರುತ್ತದೆಂದು ಬೂಟನ್ನೇ ಬಿಟ್ಟು ಬರಿಗಾಲಲ್ಲಿ ಇಳಿಯುವುದು ಸರಿಯಲ್ಲ.

ತೊಂದರೆ ಇರುವುದು ಒಳಗೆ. ಅಂಗಾಲಿನಲ್ಲಿ ಎಣ್ಣೆ ಗ್ರಂಥಿ ಇಲ್ಲವೇ ಇಲ್ಲ. ಇರುವುದೆಲ್ಲ ಬೆವರಿನ ಗ್ರಂಥಿ, ಅದೂ ಬಹಳ ದಟ್ಟವಾಗಿ. ಆದ್ದರಿಂದ ಮುಖದ ಎಣ್ಣೆಯನ್ನು ನಂಬಿ ಬದುಕುವ ಕ್ಯುಟಿಬ್ಯಾಕ್ಟೀರಿಯಂಗೆ ಇಲ್ಲಿ ಅಷ್ಟಾಗಿ ನೆಲೆ ಸಿಗುವುದಿಲ್ಲ. ಕಾರುಬಾರೆಲ್ಲ ಸ್ಟ್ಯಾಫಿಲೊಕಾಕಸ್ ಮತ್ತು ಕೊರಿನೆಬ್ಯಾಕ್ಟೀರಿಯಂಗಳದ್ದು. ಅವು ಈ ಜಾಗಕ್ಕೆ ಒಗ್ಗಿಕೊಂಡ ಬಗೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ಗೆ ಉಪ್ಪು ಲೆಕ್ಕಕ್ಕಿಲ್ಲ, ಪ್ರಯೋಗಾಲಯದಲ್ಲಿ ಶೇ. 7.5 ಉಪ್ಪು ಹಾಕಿದ ಆಹಾರದ ಮೇಲೂ ಬೆಳೆಯುತ್ತದೆ. ಬೆವರು ಆರಿ ಉಪ್ಪು ಹೆಚ್ಚಾದಾಗ ಬೀಟೇನ್, ಪ್ರೋಲಿನ್‌ನಂಥ ಸಣ್ಣ ಅಣುಗಳನ್ನು ಒಳಗೆಳೆದುಕೊಂಡು ತನ್ನ ಕೋಶದ ನೀರನ್ನು ಉಳಿಸಿಕೊಳ್ಳುತ್ತದೆ. ಚರ್ಮದ ಮೇಲಿನ ಕೊರಿನೆಬ್ಯಾಕ್ಟೀರಿಯಂಗಳಲ್ಲಿ ಕೆಲವು ಕೊಬ್ಬಿನಾಮ್ಲ ತಯಾರಿಸುವ ಜೀನನ್ನೇ ಕಳೆದುಕೊಂಡಿವೆ. ಮನುಷ್ಯನ ಚರ್ಮದಲ್ಲಿ ಅದು ಸಿದ್ಧವಾಗಿ ಸಿಗುವಾಗ ಅವು ಬೇಯಿಸಿಕೊಳ್ಳುವ ಗೋಜಿಗೆ ಹೋಗಿಲ್ಲ. ಬೂಟು ಕಳಚಿದ ಕೂಡಲೇ ಜಗಲಿ ತುಂಬುವ ವಾಸನೆಗೆ ಮುಖ್ಯ ಕಾರಣ ಐಸೊವ್ಯಾಲೆರಿಕ್ ಆಮ್ಲ. ಬೆವರಿನ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಎಪಿಡರ್ಮಿಡಿಸ್ ಒಡೆದಾಗ ಹುಟ್ಟುವಂಥದ್ದು.

ಚರ್ಮ ಒಣಗಿದ್ದು, ಪಿಎಚ್ 5ರ ಆಸುಪಾಸಿನಲ್ಲಿ ತುಸು ಹುಳಿಯಾಗಿರುವವರೆಗೆ ಇವು ಹದ್ದುಬಸ್ತಿನಲ್ಲಿರುತ್ತವೆ. ಪಿವಿಸಿ ಬೆವರಿನ ಆವಿಯನ್ನು ಹೊರಗೆ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಂಗಾಲಿನ ದಪ್ಪ ಪದರ ನೀರು ಕುಡಿದು ಬೆಳ್ಳಗೆ ಉಬ್ಬುತ್ತದೆ, ಹುಳಿ ತಗ್ಗುತ್ತದೆ. ಕೈಟೊಕಾಕಸ್ ಸೆಡೆಂಟೇರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕಾಯುವುದು ಈ ಹೊತ್ತಿಗೇ. ಚರ್ಮದ ಗಟ್ಟಿ ಪದರದ ಪ್ರೋಟೀನಾದ ಕೆರಾಟಿನ್ ಅನ್ನು ಅರಗಿಸುವ ಎರಡು ಕಿಣ್ವಗಳನ್ನು ಅದು ಬಿಡುತ್ತದೆ. ಹಿಮ್ಮಡಿ ಮತ್ತು ಬೆರಳಿನ ಬುಡದಲ್ಲಿ, ಅಂದರೆ ಮೈಭಾರ ಬೀಳುವ ಕಡೆಯಲ್ಲೇ, ಸಾಸಿವೆ ಕಾಳು ಒತ್ತಿ ತೆಗೆದಂಥ ಕುಳಿಗಳು ಬೀಳುತ್ತವೆ. ವೈದ್ಯರು ಇದನ್ನು ಪಿಟೆಡ್ ಕೆರಟೊಲೈಸಿಸ್ ಎನ್ನುತ್ತಾರೆ. 1910ರಲ್ಲಿ ಕ್ಯಾಸ್ಟೆಲಾನಿ ಎಂಬ ವೈದ್ಯ ಇದನ್ನು ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಕಂಡು ವಿವರಿಸಿದ್ದು ಮಳೆಗಾಲದಲ್ಲಿ ಬರಿಗಾಲಲ್ಲಿ ಓಡಾಡುವವರಲ್ಲಿ. ಮೂಲ ಕಾರಣ ಒದ್ದೆ. ಬೂಟು ಆ ಒದ್ದೆಯನ್ನು ಆರಲು ಬಿಡುವುದಿಲ್ಲ, ಅಷ್ಟೇ. ಇದರಲ್ಲಿ ಹುಳುಕಡ್ಡಿಯ ಹಾಗೆ ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ವಾಸನೆ ಜೋರು, ಅಂಗಾಲು ಅಂಟಂಟು. ಒಣಗಿದ ಕಾಲಲ್ಲಿ ಕುಳಿ ಕಾಣದಿದ್ದರೆ ಹದಿನೈದು ನಿಮಿಷ ನೀರಿನಲ್ಲಿಟ್ಟು ನೋಡಿ, ಎದ್ದು ಕಾಣುತ್ತದೆ.

ಅಂಗಡಿಯಲ್ಲಿ ಮೊದಲು ಬೂಟಿನೊಳಗೆ ಕೈ ಹಾಕಿ. ಒಳಗೆ ಬಟ್ಟೆ ಅಂಟಿಸಿದ್ದರೆ ಮುಟ್ಟಲು ಹಿತ, ಆದರೆ ಆರಿದ್ರಾದಿಂದ ಆಶ್ಲೇಷದವರೆಗೆ ಅದು ಒಣಗುವ ಆಸೆ ಬೇಡ. ನಿನ್ನೆಯ ಬೆವರಿಗೇ ಇವತ್ತಿನ ಕಾಲು ಇಳಿಯುತ್ತದೆ. ಬೋಳು ಒಳಮೈ, ಹೊರಗೆಳೆಯಲು ಬರುವ ಒಳಅಟ್ಟೆ, ಇವೆರಡಿದ್ದರೆ ಸಾಕು. ಅಳತೆ ಒಂದು ನಂಬರ್ ದೊಡ್ಡದಿರಲಿ. ಬಿಗಿಯಾದರೆ ಬೆರಳುಗಳು ಒತ್ತಿಕೊಂಡು ಸಂದಿಯಲ್ಲಿ ನೀರು ನಿಲ್ಲುತ್ತದೆ. ಎರಡು ನಂಬರ್ ದೊಡ್ಡದಾದರೆ ಹಿಮ್ಮಡಿ ಉಜ್ಜಿ ಗುಳ್ಳೆ ಏಳುತ್ತದೆ, ಆ ಗಾಯಕ್ಕೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಹೊಕ್ಕು ಕೀವಾಗುತ್ತದೆ. ದಪ್ಪ ಕಾಲುಚೀಲ ಎರಡು ಜೊತೆ ಬೇಕು. ಊಟಕ್ಕೆ ಬಂದಾಗ ಬದಲಾಯಿಸಿ. ಮಳೆಯಲ್ಲಿ ಒಗೆದದ್ದು ಒಣಗದಿದ್ದರೆ ಇಸ್ತ್ರಿ ಹಾಕಿ, ಆ ಬಿಸಿಗೆ ಉಳಿದ ಬ್ಯಾಕ್ಟೀರಿಯಾವೂ ಬಹುಪಾಲು ಸಾಯುತ್ತವೆ.

ವಾರಕ್ಕೊಮ್ಮೆ ಬೂಟಿನ ಒಳಗನ್ನು ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 20 ಮಿಲಿ ಬೆರೆಸಿ ಒಳಗೆಲ್ಲ ತಾಗುವಂತೆ ಆಡಿಸಿ, ಹತ್ತು ನಿಮಿಷ ಬಿಟ್ಟು ಚೆಲ್ಲಿ, ನೀರಲ್ಲಿ ಜಾಲಿಸಿ. ಕೆಸರು ತೆಗೆಯದೆ ಹಾಕಿದರೆ ಕ್ಲೋರಿನ್ ಕೆಸರಿನ ಜೊತೆಗೇ ಖರ್ಚಾಗಿಬಿಡುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಒಣಗಿಸಲು ಹಳೆ ಪೇಪರ್ ತುರುಕಿ, ಗಂಟೆ ಬಿಟ್ಟು ಪೇಪರ್ ಬದಲಿಸಿ, ಬಚ್ಚಲ ಒಲೆಯಿಂದ ಮೂರು-ನಾಲ್ಕು ಅಡಿ ದೂರದಲ್ಲಿ ತಲೆಕೆಳಗಾಗಿ ಕೋಲಿಗೆ ಸಿಕ್ಕಿಸಿ. ಒಲೆಯ ಮೇಲೆಯೇ ಇಟ್ಟರೆ ಪಿವಿಸಿ ಮೆತ್ತಗಾಗಿ ಆಕಾರ ಕೆಡುತ್ತದೆ. ಒಂದು ರಾತ್ರಿಯಲ್ಲಿ ಪೂರ್ತಿ ಆರದ ಕಾರಣಕ್ಕೇ ಎರಡು ಜೊತೆ ಎಂದದ್ದು: ದಿನ ಬಿಟ್ಟು ದಿನ ಹಾಕಬೇಕು.

ಇನ್ನು ಕಾಲು. ಅಂಗಳದಲ್ಲಿ ಬಟ್ಟೆ ಸೋಪಿನಿಂದ ತಿಕ್ಕುವ ಅಭ್ಯಾಸ ಬಿಡಬೇಕು. ಅದರ ಕ್ಷಾರ ಚರ್ಮದ ಹುಳಿಯನ್ನು ಇನ್ನಷ್ಟು ಕಳೆದು ಕೈಟೊಕಾಕಸ್‌ಗೇ ನೆರವಾಗುತ್ತದೆ. ದಿನಾ ಆಂಟಿಸೆಪ್ಟಿಕ್ ನೀರಲ್ಲಿ ಅದ್ದುವುದೂ ಬೇಡ. ಆರಿಯಸ್ ಬೇರೂರದಂತೆ ತಡೆಯುವ ಎಪಿಡರ್ಮಿಡಿಸ್ ತಳಿಗಳಿವೆ, ಅವೂ ಜೊತೆಗೆ ಹೋಗುತ್ತವೆ. ಸಾಧಾರಣ ಮೈಸೋಪು, ಬೆರಳು ಸಂದಿಗಳನ್ನು ಒಂದೊಂದಾಗಿ ಒರೆಸುವ ಒಣ ಟವೆಲ್, ಸಂಜೆಯಿಂದ ಬೆಳಗಿನವರೆಗೆ ಬರಿಗಾಲು, ಇಷ್ಟು ಸಾಕು.

ಕುಳಿ ಬಿದ್ದಾಗಿದ್ದರೆ ಬೆಂಜೊಯಿಲ್ ಪೆರಾಕ್ಸೈಡ್ ಇರುವ ವಾಶ್ ಒಳ್ಳೆಯದು: ಶೇ. 5ರದ್ದನ್ನು ಅಂಗಾಲಿಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದು, ಕಾಲು ಚೆನ್ನಾಗಿ ಒರೆಸಿ. ಮೂರು-ನಾಲ್ಕು ವಾರ ಬೇಕು. ಆಕ್ಸಿಡೀಕರಣದಿಂದ ಕೊಲ್ಲುವುದರಿಂದ ಬ್ಯಾಕ್ಟೀರಿಯಾ ಇದಕ್ಕೆ ಪಳಗುವುದಿಲ್ಲ. ಬಣ್ಣದ ಟವೆಲ್ ಮಾತ್ರ ಬಿಳಿಚಿಕೊಳ್ಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ, ಸ್ಟೀರಾಯ್ಡ್ ಬೆರೆತ ಮಿಶ್ರಣದ ಕ್ರೀಮುಗಳನ್ನು ಹಚ್ಚಬೇಡಿ: ಉರಿ ಇಳಿದಂತೆ ಕಾಣುತ್ತದೆ, ಚರ್ಮದ ತಡೆಶಕ್ತಿ ಕುಗ್ಗಿ ಸೋಂಕು ಹರಡುತ್ತದೆ. ಸಕ್ಕರೆ ಕಾಯಿಲೆ ಇರುವವರು, ಕಾಲು ಜೋಮು ಹಿಡಿಯುವವರು ಸ್ವಂತ ಮದ್ದಿಗೆ ಹೋಗದೆ ಮೊದಲೇ ಚರ್ಮ ವೈದ್ಯರಿಗೆ ಕಾಲು ತೋರಿಸಬೇಕು.