ಪವರ್‌ಸಾಯಿಲ್ ಪ್ರೊ ಕಿಟ್: ಡಿಎನ್‌ಎಗೆ ಒಳ್ಳೆಯದು, ಹೋಲಿಕೆಗೆ ಎಚ್ಚರ ಬೇಕು

ಒಂದೇ ಹೊಲದ ಎರಡು ಮೂಲೆಗಳಲ್ಲಿ, ಇಲ್ಲವೇ ಒಂದೇ ಮೂಲೆಯಲ್ಲಿ ಋತುವಿನಿಂದ ಋತುವಿಗೆ, ಸೂಕ್ಷ್ಮಜೀವಿ ಸಮುದಾಯ ಎಷ್ಟು ಬದಲಾಗುತ್ತದೆ ಎಂದು ಅಳೆಯುವವರಿಗೆ ಕಯಾಜೆನ್ ಕಂಪನಿಯ ಡಿಎನ್‌ಈಸಿ ಪವರ್‌ಸಾಯಿಲ್ ಪ್ರೊ ಪರಿಚಿತ ಕಿಟ್. ಮಣ್ಣಿನಿಂದ ಶುದ್ಧ ಡಿಎನ್‌ಎ ತೆಗೆಯುವುದರಲ್ಲಿ ಇದರ ಮೇಲೆ ದೂರು ಕಡಿಮೆ. ತಕರಾರು ಹುಟ್ಟುವುದು ಆ ಡಿಎನ್‌ಎಯನ್ನು ಹೋಲಿಕೆಗೆ ಬಳಸುವಾಗ.

ಕೆಲಸ ಸರಳ. ಮಣಿ ತುಂಬಿದ ಟ್ಯೂಬಿಗೆ 250 ಮಿಲಿಗ್ರಾಂ ಮಣ್ಣು, ಕೋಶ ಒಡೆಯಲು ನೆರವಾಗುವ ಸಿಡಿ1 ದ್ರಾವಣ 800 ಮೈಕ್ರೋಲೀಟರ್. ಟ್ಯೂಬ್‌ಗಳನ್ನು ಹಿಡಿದು ಕುಲುಕುವ ವೋರ್ಟೆಕ್ಸ್ ಅಡಾಪ್ಟರ್‌ನಲ್ಲಿ ಪೂರ್ಣ ವೇಗದಲ್ಲಿ 10 ನಿಮಿಷ. ಒಮ್ಮೆಗೆ 12ಕ್ಕಿಂತ ಹೆಚ್ಚು ಟ್ಯೂಬ್ ಇಟ್ಟರೆ 5ರಿಂದ 10 ನಿಮಿಷ ಹೆಚ್ಚು ಬೇಕು. ಇದನ್ನು ಹಗುರವಾಗಿ ಕಾಣಬಾರದು. ಆಕ್ಟಿನೋಬ್ಯಾಕ್ಟೀರಿಯಾದಂಥ ಗಟ್ಟಿ ಕೋಶಭಿತ್ತಿಯವು ಒಡೆಯುವುದೇ ಈ ಕುಲುಕಾಟದಲ್ಲಿ. ಒಂದು ತಂಡದ ಟ್ಯೂಬ್‌ಗಳಿಗೆ 10, ಇನ್ನೊಂದರವಕ್ಕೆ 20 ನಿಮಿಷ ಕೊಟ್ಟರೆ ಆ ಬ್ಯಾಕ್ಟೀರಿಯಾಗಳ ಪಾಲು ಏರಿಳಿದು, ಕುಲುಕಿದ ವ್ಯತ್ಯಾಸವೇ ಋತುವಿನ ವ್ಯತ್ಯಾಸದಂತೆ ಗ್ರಾಫ್‌ನಲ್ಲಿ ಕೂರುತ್ತದೆ.

ಕಿಟ್‌ನ ಜೀವಾಳ ಸಿಡಿ2 ಎಂಬ ದ್ರಾವಣ. 200 ಮೈಕ್ರೋಲೀಟರ್ ಸೇರಿಸಿ 15,000 ಜಿಯಲ್ಲಿ (ಗುರುತ್ವದ 15,000 ಪಟ್ಟು ಬಲದಲ್ಲಿ) ಒಂದು ನಿಮಿಷ ತಿರುಗಿಸಿದರೆ ಪಿಸಿಆರ್ ಅನ್ನು, ಅಂದರೆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆಯನ್ನು, ತಡೆಯುವ ಹ್ಯೂಮಿಕ್ ಆಮ್ಲದಂಥ ವಸ್ತುಗಳು ತಳಕ್ಕಿಳಿಯುತ್ತವೆ. ಕೊನೆಯ ಹನಿಯವರೆಗೂ ಎಳೆಯುವ ಆಸೆ ಬೇಡ. ಪಿಪೆಟ್ ತುದಿ ತಳಕ್ಕೆ ತಾಗಿದರೆ ಕಂದು ಬಣ್ಣ ಕೊನೆಯವರೆಗೂ ಹಿಂಬಾಲಿಸುತ್ತದೆ. ಅನುಮಾನವಿದ್ದರೆ ಡಿಎನ್‌ಎಯನ್ನು 10 ಪಟ್ಟು ತೆಳುಮಾಡಿ ಪಿಸಿಆರ್‌ಗೆ ಇಡಿ. ತೆಳುಮಾಡಿದ್ದೇ ಚೆನ್ನಾಗಿ ಬಂದರೆ ತಡೆವಸ್ತು ಉಳಿದಿದೆ ಎಂದರ್ಥ. ಸಿ5 ಎಂಬ ದ್ರಾವಣದ ತೊಳೆತದ ನಂತರ, ಡಿಎನ್‌ಎ ಹಿಡಿದಿಟ್ಟ ಕಾಲಮ್ಮನ್ನು ಖಾಲಿಯಾಗಿ 2 ನಿಮಿಷ ತಿರುಗಿಸದಿದ್ದರೆ ಎಥನಾಲ್ ಉಳಿದು ಅದೂ ಪಿಸಿಆರ್ ಕೆಡಿಸುತ್ತದೆ. ಉಳಿದ ಹಂತಗಳಿಗೆ ಕೈಪಿಡಿ ಸಾಕು.

ಈಗ 250 ಮಿಲಿಗ್ರಾಂನ ಮಾತು. ಮಣ್ಣಿನಲ್ಲಿ ಬೇರಿಗೆ ಅಂಟಿದ ಪದರಕ್ಕೂ ಒಂದೆರಡು ಸೆಂಟಿಮೀಟರ್ ಆಚೆಗೂ ಜೀವಿಗಳು ಬೇರೆ. ಒಂದೇ ಮಣ್ಣುಂಡೆಯ ಒಳಭಾಗಕ್ಕೂ ಹೊರಭಾಗಕ್ಕೂ ಆಮ್ಲಜನಕವೇ ಬೇರೆ. ಹಾಗಿರುವಾಗ ಚಿಟಿಕೆ ಮಣ್ಣನ್ನು ಇಡೀ ಹೊಲದ ಪ್ರತಿನಿಧಿ ಎನ್ನುವುದು ಕಷ್ಟ. ಹೊಲ ಹೊಲಗಳ ಹೋಲಿಕೆಗೆ ಒಂದೇ ಆಳದ ಐದಾರು ಮಾದರಿ ಕೂಡಿಸಿ, 2 ಮಿಲಿಮೀಟರ್ ಜರಡಿ ಹಿಡಿದು, ಚೆನ್ನಾಗಿ ಕಲಸಿ ತೂಗಿ. ಹೊಲದೊಳಗಿನ ವ್ಯತ್ಯಾಸವೇ ಪ್ರಶ್ನೆಯಾದರೆ ಕೂಡಿಸಲೇಬೇಡಿ. ಕಲಸಿದ ಕೂಡಲೇ ಹುಡುಕುತ್ತಿದ್ದದ್ದು ಅಳಿಸಿಹೋಗುತ್ತದೆ. ಎರಡೂ ಸಂದರ್ಭದಲ್ಲಿ ಕೆಲವು ಚೀಲಗಳಿಂದ ಎರಡೆರಡು ಬಾರಿ ಡಿಎನ್‌ಎ ತೆಗೆಯಿರಿ. ಆ ಜೋಡಿಗಳ ನಡುವಿನ ಅಂತರಕ್ಕಿಂತ ಚಿಕ್ಕದಾದ ಯಾವ ವ್ಯತ್ಯಾಸಕ್ಕೂ ಬೆಲೆ ಕೊಡಬೇಕಿಲ್ಲ. ಪಿಎಚ್ ಅಳೆಯುವುದನ್ನು ಮರೆಯಬೇಡಿ, ದೂರದ ಜಾಗಗಳ ನಡುವೆ ಬ್ಯಾಕ್ಟೀರಿಯಾ ಸಮುದಾಯದ ವ್ಯತ್ಯಾಸವನ್ನು ಹಲವು ಸಲ ಅದೇ ಹೆಚ್ಚು ವಿವರಿಸುತ್ತದೆ.

ಕಾಲದ ಹೋಲಿಕೆಯಲ್ಲಿ ಮೊದಲ ಬಲೆ ತೇವ. ಒಣತೂಕದ ಲೆಕ್ಕದಲ್ಲಿ ಶೇ. 25 ನೀರಿದ್ದರೆ 250 ಮಿಲಿಗ್ರಾಂನಲ್ಲಿ ನಿಜವಾದ ಮಣ್ಣು 200, ಶೇ. 5 ಇದ್ದರೆ ಸುಮಾರು 238. ಪ್ರತಿ ಗ್ರಾಂಗೆ ಎಷ್ಟು ಡಿಎನ್‌ಎ ಎಂದು ಹೇಳುವ ಮುನ್ನ ಮಾದರಿಯ ಒಂದು ಪಾಲನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ತೂಗಲೇಬೇಕು. ಎರಡನೆಯದನ್ನು ಈ ಕಿಟ್ ಬಗೆಹರಿಸುವುದಿಲ್ಲ: ಸತ್ತ ಕೋಶಗಳ ಡಿಎನ್‌ಎ ಜೇಡಿಕಣಗಳಿಗೆ ಅಂಟಿ ಬಹುಕಾಲ ಉಳಿಯುತ್ತದೆ, ಬದುಕಿದ್ದವುಗಳ ಜೊತೆಗೆ ಅದೂ ಬರುತ್ತದೆ. ಹೀಗಾಗಿ ಋತುಬದಲಾವಣೆ ಇದ್ದದ್ದಕ್ಕಿಂತ ಮಂಕಾಗಿ ಕಾಣಬಹುದು. ವಾರಗಳ ಅಂತರದ ಏರಿಳಿತ ಬೇಕಿದ್ದವರು ಕೋಶ ಸತ್ತ ಮೇಲೆ ಬೇಗ ಒಡೆದುಹೋಗುವ ಆರ್‌ಎನ್‌ಎ ಕಡೆ ಹೋಗುವುದೇ ಲೇಸು, ಇಲ್ಲವೇ ತೆಗೆಯುವ ಮುನ್ನ ಬೆಳಕು ಬಿದ್ದಾಗ ಡಿಎನ್‌ಎಗೆ ಅಂಟಿಕೊಳ್ಳುವ ಪಿಎಂಎ ಬಣ್ಣದಿಂದ ಸತ್ತವುಗಳ ಡಿಎನ್‌ಎ ಕಟ್ಟಿಹಾಕಬೇಕು, ಆದರೆ ಬೆಳಕು ತೂರದ ಮಣ್ಣಿನಲ್ಲಿ ಅದೂ ಪೂರ್ತಿ ಕೆಲಸ ಮಾಡುವುದಿಲ್ಲ.

ತಿಂಗಳು ತಿಂಗಳು ಬಂದ ಮಣ್ಣನ್ನು ಬಂದ ಹಾಗೇ ಮುಗಿಸಿದರೆ ಕಿಟ್‌ನ ಲಾಟ್ (ತಯಾರಿಕೆಯ ಕಂತು) ಬದಲಾದದ್ದೂ ತಿಂಗಳು ಬದಲಾದದ್ದೂ ಒಂದಾಗುತ್ತವೆ. ಎಲ್ಲವನ್ನೂ ಮೈನಸ್ 80 ಡಿಗ್ರಿಯಲ್ಲಿಟ್ಟು, ತಿಂಗಳುಗಳನ್ನು ಬೆರೆಸಿ, ಒಂದೇ ಲಾಟ್‌ನಲ್ಲಿ ತೆಗೆಯಿರಿ. ಹೊರಗಿನಿಂದ ಸೇರಿದ ಡಿಎನ್‌ಎ ಗೊತ್ತಾಗಲು ಪ್ರತಿ ತಂಡಕ್ಕೂ ಮಣ್ಣಿಲ್ಲದ ಒಂದು ಖಾಲಿ ಟ್ಯೂಬ್ ಸೇರಿಸಿ, ಅದನ್ನೂ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎಯ ಅಕ್ಷರಕ್ರಮ ಓದಿಸಲು) ಕಳಿಸಿ.