ಎಂಟನೇ ಕ್ಲಾಸಿಗೆ ಸೇರಿಸುವ ಮುನ್ನ: ನಮ್ಮೂರ ಸರ್ಕಾರಿ ಪ್ರೌಢಶಾಲೆ ಬಗ್ಗೆ

ಮಗಳು ಎಂಟರಿಂದ ಹತ್ತರವರೆಗೆ ಓದಿದ್ದು ಮಲೆನಾಡಿನ ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಈಗ ಪಿಯುಸಿಗೆ ಸೇರಿದ್ದಾಳೆ. ಅಕ್ಕಪಕ್ಕದ ಹಳ್ಳಿಯವರು ಸಿಕ್ಕಾಗೆಲ್ಲ ಕೇಳುವುದು ಒಂದೇ: "ಎಸ್ಸೆಸ್ಸೆಲ್ಸಿ ರಿಸಲ್ಟ್ ಎಷ್ಟು ಪರ್ಸೆಂಟ್?"

ಸಣ್ಣ ಶಾಲೆಗೆ ಆ ಪ್ರಶ್ನೆಯೇ ಸರಿಹೊಂದುವುದಿಲ್ಲ. ಇಪ್ಪತ್ತು ಮಕ್ಕಳಲ್ಲಿ ಒಬ್ಬ ಫೇಲಾದರೆ 95, ಮೂವರಾದರೆ 85. ಅಡಿಕೆ ಕೊಯ್ಲಿನಲ್ಲಿ ಇಬ್ಬರು ಹುಡುಗರು ಕೂಲಿಗೆ ಹೋದರೂ ಸಾಕು, ಹೋದ ವರ್ಷ ಗೇಟಿಗೆ ಕಟ್ಟಿದ ನೂರಕ್ಕೆ ನೂರರ ಬ್ಯಾನರ್ ಬಿಚ್ಚಬೇಕಾಗುತ್ತದೆ. ಇಡೀ ರಾಜ್ಯದ ಫಲಿತಾಂಶವೇ 2023ರಲ್ಲಿ ಶೇ 83.89 ಇತ್ತು. ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ ಕೃಪಾಂಕ (ಗ್ರೇಸ್ ಮಾರ್ಕ್ಸ್) ಕೊಟ್ಟೂ 73.40 ಆಯಿತು, ಆ ಕೃಪಾಂಕ ನಿಂತ 2025ರ ಮೂರು ಪರೀಕ್ಷೆಗಳಲ್ಲಿ ಮೊದಲನೆಯದರಲ್ಲಿ 66.14. ಅಷ್ಟಕ್ಕೇ ಮೇಷ್ಟ್ರುಗಳೆಲ್ಲ ಪಾಠ ಮಾಡುವುದನ್ನು ಬಿಟ್ಟರು ಅಂತ ಹೇಳೋಕಾಗುತ್ತಾ?

ಕೇಳಬೇಕಾದ್ದು ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರಾ ಅಂತ. ಮಗಳು ಒಂಬತ್ತರಲ್ಲಿದ್ದಾಗ ಗಣಿತದ ಮೇಷ್ಟ್ರು ವರ್ಗವಾಗಿ ಹೋದರು. ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿತ್ತು. ಬಹುಪದೋಕ್ತಿ, ರೇಖಾತ್ಮಕ ಸಮೀಕರಣ ಎಲ್ಲ ಗಡಿಬಿಡಿಯಲ್ಲಿ ಮುಗಿಸಿದರು. ಅದರ ಪೆಟ್ಟು ಹತ್ತನೇ ಕ್ಲಾಸಿನಲ್ಲಿ ಬಿತ್ತು. ಮೊದಲ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ 80ಕ್ಕೆ 21.

ಅಲ್ಲಿಂದ ಮುಂದೆ ಶಾಲೆ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಹಿಂದುಳಿದ ಮಕ್ಕಳನ್ನು ಶಿಕ್ಷಕರು ಇಷ್ಟಿಷ್ಟು ಜನ ಅಂತ ದತ್ತು ಹಂಚಿಕೊಂಡರು. ಹೊಸದಾಗಿ ಬಂದ ಗಣಿತದ ಸರ್ ಬೆಳಿಗ್ಗೆ ಐದಕ್ಕೆ ನನ್ನ ಫೋನಿಗೆ ಕರೆ ಮಾಡುವರು. "ಎದ್ದಿದಾಳೇನಮ್ಮ? ಅವಳ ಕೈಗೇ ಕೊಡಿ." ಸಂಜೆ ವಿಶೇಷ ತರಗತಿ. ನಕ್ಷೆಯ (ಗ್ರಾಫ್) ಲೆಕ್ಕದಲ್ಲಿ ಇವಳು ಗೆರೆ ಎಳೆಯುತ್ತಿದ್ದಳು, ಪ್ರಮಾಣ, ಅಂದರೆ ಒಂದು ಸೆಂಟಿಮೀಟರಿಗೆ ಎಷ್ಟು ಅನ್ನುವುದನ್ನು, ಬರೆಯುತ್ತಿರಲಿಲ್ಲ. ಬೆಲೆಗಳ ಕೋಷ್ಟಕ ಮೊದಲು, ಆಮೇಲೆ ಪ್ರಮಾಣ, ಆಮೇಲೆ ಬಿಂದು, ಕೊನೆಗೆ ಸ್ಕೇಲು ಮುಟ್ಟಬೇಕು ಅಂತ ಸರ್ ಪಕ್ಕದಲ್ಲೇ ಕೂತು ಮಾಡಿಸಿದರು. ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಶುರು. ಅಂತಿಮ ಪರೀಕ್ಷೆಯಲ್ಲಿ ಗಣಿತಕ್ಕೆ ಆಂತರಿಕ ಅಂಕವೂ ಸೇರಿ 100ಕ್ಕೆ 68 ಬಂತು. ಇಷ್ಟು ಕಾಳಜಿ ದುಡ್ಡು ಕೊಟ್ಟರೂ ಎಲ್ಲ ಕಡೆ ಸಿಗುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಜನವರಿ ಬಂತೆಂದರೆ ಎಲ್ಲರ ಗಮನ ಪಾಸಿಂಗ್ ಪ್ಯಾಕೇಜಿನ ಮೇಲೆ, ಅಂದರೆ ಪಾಸಾಗಲು ಸಾಕಾಗುವಷ್ಟು ಆಯ್ದ ಪಾಠ, ಪ್ರಶ್ನೆಗಳ ಮೇಲೆ. 625ಕ್ಕೆ 600 ದಾಟಬಲ್ಲ ಮಗುವಿಗೆ ಆಗ ಬೇಕಾದಷ್ಟು ಕೆಲಸ ಸಿಗುವುದಿಲ್ಲ, ಅಂಥ ಮಕ್ಕಳು ತಾವೇ ಓದಿಕೊಳ್ಳಬೇಕು. ಇಂಗ್ಲಿಷ್ ಇನ್ನೂ ಸೊರಗಿದೆ. ಪತ್ರ, ಪ್ರಬಂಧ ಬಾಯಿಪಾಠ ಮಾಡಿಸುತ್ತಾರೆ, ಅಂಕ ಬರುತ್ತದೆ. ಆದರೆ ಪಿಯುಸಿ ವಿಜ್ಞಾನದ ಪುಸ್ತಕ ತೆರೆದಾಗ ಮಗಳು ಒಂದೊಂದು ಸಾಲಿಗೂ ನಿಘಂಟು ಹುಡುಕುತ್ತಿದ್ದಾಳೆ. ಬೇಸಿಗೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಸಾಲದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೇಳಿದ್ದೇವೆ, ಇನ್ನೂ ಸರಿಯಾಗಿಲ್ಲ. ಬಿಸಿಯೂಟ ಚೆನ್ನಾಗಿದೆ, ಹಾಲು, ಮೊಟ್ಟೆ ಹತ್ತನೆಯವರಿಗೂ ಕೊಡುತ್ತಾರೆ.

ಓದಿನಲ್ಲಿ ಸಾಧಾರಣ ಇರುವ, ಸ್ವಲ್ಪ ಹೆದರುವ ಮಗುವಾದರೆ ಕಣ್ಣುಮುಚ್ಚಿ ಇಲ್ಲಿಗೆ ಸೇರಿಸಿ. ಮುಂದೆ ವಿಜ್ಞಾನ ಓದಿಸುವ ಆಸೆಯಿದ್ದರೆ ಎಂಟನೇ ಕ್ಲಾಸಿನಿಂದಲೇ ಮನೆಯಲ್ಲಿ ದಿನಾ ಇಂಗ್ಲಿಷ್ ಓದಿಸಿ. ಸೇರಿಸುವ ಮೊದಲು ಹೆಡ್‌ಮಾಸ್ಟ್ರ ಹತ್ತಿರ ಹಿಂದಿನ ಮೂರು ವರ್ಷದ ವಿಷಯವಾರು ಅಂಕಪಟ್ಟಿ ಕೇಳಿ. ನಮ್ಮ ಹೆಡ್‌ಮಾಸ್ಟ್ರು ಬೇಸರ ಮಾಡಿಕೊಳ್ಳದೆ ತೋರಿಸುತ್ತಾರೆ.